‘ಕೆರೆ’: ಒಂದು ಪದ, ಹಲವು ಭಾಷೆಗಳ ನಂಟು

ಮಳೆಯನ್ನೇ ನೆಚ್ಚಿರುವ ಚಿತ್ರದುರ್ಗ ಜಿಲ್ಲೆಯಲ್ಲಿ ನೀರಿನ ಪದಗಳು ಊರ ಹೆಸರುಗಳಲ್ಲೇ ನೆಲೆಸಿವೆ. ಹೊಳಲ್ಕೆರೆ, ಚಳ್ಳಕೆರೆಗಳೇ ಇದಕ್ಕೆ ಸಾಕ್ಷಿ. ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ. ಅದು ‘ಹೊಳಲು’ ಆಗಿ ಹೊಳಲ್ಕೆರೆಯ ಹೆಸರಿನಲ್ಲಿ ಉಳಿದಿದೆ.

‘ಕೆರೆ’ಯ ಹಳಗನ್ನಡ ರೂಪ ‘ಕೆಱೆ’. ತುಳು ಮತ್ತು ಕೊಡವ ಭಾಷೆಗಳಲ್ಲೂ ಅದು ಕೆರೆಯೇ. ತೆಲುಗಿನಲ್ಲಿ ‘ಚೆರುವು’, ಮಲಯಾಳದಲ್ಲಿ ‘ಚಿರ’, ತಮಿಳಿನಲ್ಲಿ ‘ಚಿರೈ’. ಇ, ಎ ಸ್ವರಗಳು ಪರವಾದಾಗ ಕನ್ನಡ ಉಳಿಸಿಕೊಂಡ ‘ಕ’ಕಾರವು ಈ ಮೂರು ಭಾಷೆಗಳಲ್ಲಿ ಸಾಮಾನ್ಯವಾಗಿ ‘ಚ’ಕಾರವಾಗುತ್ತದೆ. ನಮ್ಮ ‘ಕಿವಿ’ ತೆಲುಗು, ತಮಿಳುಗಳಲ್ಲಿ ‘ಚೆವಿ’ ಆಗಿರುವುದೂ ಹೀಗೆಯೇ.

ಪದದ ಮೂಲಾರ್ಥ ಇನ್ನಷ್ಟು ಕುತೂಹಲಕರ. ತಮಿಳಿನ ‘ಚಿರೈ’ಗೆ ತಡೆ, ಕಾವಲು, ಬಂಧನ, ಅಣೆ ಎಂಬ ಅರ್ಥಗಳಿವೆ. ತೆಲುಗಿನ ‘ಚೆರ’ ಎಂದರೆ ಸೆರೆ. ಬರೋ ಮತ್ತು ಎಮೆನೋ ಸಂಪಾದಿಸಿದ ದ್ರಾವಿಡ ಜ್ಞಾತಿಪದ ನಿಘಂಟು (1961, ಪರಿಷ್ಕೃತ ಆವೃತ್ತಿ 1984) ಇವನ್ನೆಲ್ಲ ಒಂದೇ ಕುಲಕ್ಕೆ ಸೇರಿಸುತ್ತದೆ. ಆ ಪ್ರಕಾರ ಕನ್ನಡದ ಕೆರೆಗೂ ಸೆರೆಗೂ ನಂಟಿದೆ. ಕೆರೆಯೆಂದರೆ ತಾನಾಗಿ ನಿಂತ ನೀರಲ್ಲ, ತಡೆದು ಸೆರೆಹಿಡಿದ ನೀರು.

ಆ ತಡೆಯೇ ‘ಏರಿ’. ಇಲ್ಲೊಂದು ಸ್ವಾರಸ್ಯವಿದೆ. ಕನ್ನಡದಲ್ಲಿ ಏರಿಯೆಂದರೆ ಕೆರೆಯ ಕಟ್ಟೆ, ತಮಿಳಿನಲ್ಲಿ ಅದೇ ಪದಕ್ಕೆ ಕೆರೆಯೆಂದೇ ಅರ್ಥ.

ಸಂಸ್ಕೃತದ ‘ತಟಾಕ’ಕ್ಕೂ ಚಿತ್ರದುರ್ಗದಲ್ಲಿ ಪ್ರಾಚೀನ ಕುರುಹಿದೆ. ನಗರದ ಪಕ್ಕದ ಚಂದ್ರವಳ್ಳಿಯಲ್ಲಿರುವ, 4ನೇ ಶತಮಾನದ್ದೆನ್ನಲಾದ ಪ್ರಾಕೃತ ಶಾಸನವು ಕದಂಬ ಮಯೂರಶರ್ಮನು ಕೆರೆ ಕಟ್ಟಿಸಿದ್ದನ್ನು ದಾಖಲಿಸಿದೆ. ಇಂಗ್ಲಿಷಿನವರು ನಮ್ಮ ಕೆರೆಗಳನ್ನು ‘ಟ್ಯಾಂಕ್’ ಎಂದರು. ಆ ಪದದ ಹಿಂದೆ ಗುಜರಾತಿ, ಮರಾಠಿಗಳ ನೀರಿನ ತೊಟ್ಟಿಯ ಹೆಸರನ್ನೂ ಪೋರ್ಚುಗೀಸರ ‘ಟಾಂಕೆ’ಯನ್ನೂ ವಿದ್ವಾಂಸರು ಗುರುತಿಸುತ್ತಾರೆ.

ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಜಲಾಶಯಕ್ಕೆ ‘ಸಾಗರ’ವೆಂಬ ಹೆಸರು ಬಂದಿತು. ಆದರೆ ಈ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹೊಸದುರ್ಗ, ಹೊಳಲ್ಕೆರೆಗಳ ರೈತರಿಗೂ ಮಳೆಯ ಈ ಮುನಿಸು ಹೊಸತಲ್ಲ. ಇಂತಹ ಸೀಮೆಯಲ್ಲಿ ಒಂದು ಏರಿ ಒಡೆದರೆ, ಒಂದು ಅಂಗಳ ಒತ್ತುವರಿಯಾದರೆ ನೀರು ಸೆರೆಯಿಂದ ತಪ್ಪಿಸಿಕೊಳ್ಳುತ್ತದೆ. ಆಗ ಕೆರೆ ಉಳಿಯುವುದು ಊರ ಹೆಸರಿನಲ್ಲಿ ಮಾತ್ರ.