ಮರಳಿನಾಚೆಯ ಹಾದಿ: ಕಡಲಾಮೆಗಳ ಉಪಗ್ರಹ ಜಾಡು ಮತ್ತು ಕರ್ನಾಟಕದ ಕರಾವಳಿ

ಜಂಗಮಕೋಟೆ ಸೀಮೆಯ ಕೆರೆಗಳು ಕೋಡಿ ಹರಿದರೆ ಆ ನೀರು ದಕ್ಷಿಣ ಪಿನಾಕಿನಿಯ ಪಾತ್ರ ಹಿಡಿದು, ಹೊಸಕೋಟೆ ದಾಟಿ, ತಮಿಳುನಾಡಿನ ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಆ ದಂಡೆಯಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡುತ್ತದೆ. ಅದೇ ಜಾತಿಯ ಆಮೆ ನಮ್ಮ ಪಶ್ಚಿಮದಲ್ಲಿ ಕಾರವಾರ, ಹೊನ್ನಾವರ, ಕುಂದಾಪುರಗಳ ಮರಳಿಗೂ ಬರುತ್ತದೆ. ಎರಡು ಕರಾವಳಿಗಳ ಆಮೆಗಳನ್ನು ಬೇರೆ ಬೇರೆ ಲೆಕ್ಕಕ್ಕೆ ಹಿಡಿಯುವುದು ಸರಿಯೇ ಎಂಬುದು ಇಲ್ಲಿನ ಪ್ರಶ್ನೆ.

2021ರ ಮಾರ್ಚ್‌ನಲ್ಲಿ ಒಡಿಶಾದಲ್ಲಿ 03233 ಸಂಖ್ಯೆಯ ಲೋಹದ ಬಿಲ್ಲೆ ತೊಡಿಸಿದ್ದ ಆಮೆಯೊಂದು 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದಲ್ಲಿ ಮೊಟ್ಟೆ ಇಟ್ಟಿತು. ಬಿಲ್ಲೆ ಎರಡು ತುದಿಗಳನ್ನಷ್ಟೇ ಹೇಳುತ್ತದೆ, ನಡುವಿನ ದಾರಿಯನ್ನಲ್ಲ. ಆ ದಾರಿಗೆ ಉಪಗ್ರಹವೇ ಬೇಕು.

ಮೊಟ್ಟೆ ಇಟ್ಟು ಕಡಲಿಗೆ ಮರಳುವ ತಾಯಿಯನ್ನು ತಡೆದು, ಚಿಪ್ಪಿನ ಪಾಚಿ ಉಜ್ಜಿ ತೆಗೆದು, ಎಪಾಕ್ಸಿ ಅಂಟಿನಿಂದ ಟ್ರಾನ್ಸ್‌ಮಿಟರ್ ಕೂರಿಸುತ್ತಾರೆ. ನೀರೊಳಗೆ ಅದು ಮೂಕ. ಆಮೆ ಉಸಿರಿಗಾಗಿ ಮೇಲೆದ್ದು ಆಂಟೆನಾ ಗಾಳಿಗೆ ತಾಗಿದಾಗ ಮಾತ್ರ ಸಂಕೇತ ಹೊರಡುತ್ತದೆ. ಚಲಿಸುವ ಉಪಗ್ರಹಕ್ಕೆ ತಲುಪುವ ಆವರ್ತನದ ಏರಿಳಿತದಿಂದ ಸ್ಥಳವನ್ನು ಲೆಕ್ಕ ಹಾಕುತ್ತಾರೆ. ಕೆಲವು ಬಿಂದುಗಳು 250 ಮೀಟರಿನೊಳಗೆ ನಿಖರ, ಕೆಲವು ಕಿಲೋಮೀಟರುಗಟ್ಟಲೆ ತಪ್ಪು. ಸಂಕೇತ ನಿಂತರೆ ಆಮೆ ಸತ್ತಿತೆಂದು ಬರೆಯುವಂತಿಲ್ಲ: ಆಂಟೆನಾ ಮುರಿದಿರಬಹುದು, ಅಂಟು ಬಿಟ್ಟಿರಬಹುದು.

ಲಿಟಲ್ ಅಂಡಮಾನಿನಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ದಕ್ಷಿಣ್ ಫೌಂಡೇಶನ್‌ನ ಸಂಶೋಧಕರು ಹಿಂಬಾಲಿಸಿದ ಲೆದರ್‌ಬ್ಯಾಕ್ ಆಮೆಗಳಲ್ಲಿ ಕೆಲವು ಆಸ್ಟ್ರೇಲಿಯಾದತ್ತ, ಕೆಲವು ಆಫ್ರಿಕಾದತ್ತ ಹೋದವು. ಒಂದು 13,000 ಕಿ.ಮೀ.ಗೂ ಹೆಚ್ಚು ಈಜಿತು. ಒಂದೇ ದಂಡೆ, ಎರಡು ದಿಕ್ಕು. ನಮಗೆ ಹತ್ತಿರದ ಸಾಕ್ಷ್ಯ ಕೊಂಕಣದ್ದು. 2022ರಲ್ಲಿ ವೇಳಾಸದ ದಂಡೆಯಲ್ಲಿ ‘ಪ್ರಥಮಾ’ ಎಂಬ ಆಲಿವ್ ರಿಡ್ಲೆಗೆ ಟ್ರಾನ್ಸ್‌ಮಿಟರ್ ಅಂಟಿಸಿದ್ದು ಪಶ್ಚಿಮ ಕರಾವಳಿಗೆ ಮೊದಲನೆಯದು. ಅದು ಉತ್ತರಕ್ಕೆ ಗುಜರಾತಿನತ್ತ ಸಾಗಿತು. 2023ರಲ್ಲಿ ಗುಹಾಗರದಿಂದ ಹೊರಟ ‘ಬಾಗೇಶ್ರೀ’ ದಕ್ಷಿಣಕ್ಕಿಳಿದು ಶ್ರೀಲಂಕಾ ಬಳಸಿತು. 03233 ಕಾಣದಂತೆ ಕ್ರಮಿಸಿದ ದಾರಿಗೆ ಇದು ಎದುರು ದಿಕ್ಕಿನ ಸಾಕ್ಷಿ. ಆ ದಾರಿ ನಮ್ಮ ಕರಾವಳಿಯ ಮುಂದಿನಿಂದಲೇ ಹಾದಿದೆ. ಬೆರಳೆಣಿಕೆಯ ಆಮೆಗಳು, ಅವೂ ಹೆಣ್ಣುಗಳು ಮಾತ್ರ. ಇಡೀ ಸಂತತಿಯ ಮೇಲೆ ತೀರ್ಪು ಕೊಡಲು ಇಷ್ಟು ಸಾಲದು. ಆದರೂ ಎರಡು ಕರಾವಳಿಗಳ ನಡುವೆ ಗೆರೆ ಎಳೆಯುವುದು ಇನ್ನು ಸಾಧ್ಯವಿಲ್ಲವೆಂದೇ ನನ್ನ ಎಣಿಕೆ.

ಇದರ ಪರಿಣಾಮ ನೇರವಾದುದು. ಕರ್ನಾಟಕದಲ್ಲಿ ಮೀನುಗಾರರು ಮುಂಜಾನೆ ಮರಳಿನ ಮೇಲಿನ ಹೆಜ್ಜೆಪಟ್ಟಿ ನೋಡಿ ಅರಣ್ಯ ಇಲಾಖೆಗೆ ತಿಳಿಸುತ್ತಾರೆ; ಮರಿ ಹೊರಬರುವವರೆಗೆ ಸುಮಾರು 50 ದಿನ ಬೇಲಿ ಕಟ್ಟಿ ಕಾಯುತ್ತಾರೆ. ಶ್ರದ್ಧೆಯ ಕೆಲಸ ಇದು. ಆದರೆ ಕಾವಲು ಮೊಟ್ಟೆಗಷ್ಟೆ, ತಾಯಿ ಕಡಲಿನಲ್ಲಿದೆ. ಯಾಂತ್ರಿಕ ಮೀನುಗಾರಿಕೆಯ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಆಮೆಗಳು ದಂಡೆಗೆ ಬರುವುದು ಚಳಿಗಾಲದಲ್ಲಿ, ಟ್ರಾಲ್ ದೋಣಿಗಳು ಬಿಡುವಿಲ್ಲದೆ ದುಡಿಯುವಾಗ. ಬಲೆಯಲ್ಲಿ ಸಿಕ್ಕ ಆಮೆ ಉಸಿರಿಗೆ ಮೇಲೇಳಲಾಗದೆ ಮುಳುಗಿ ಸಾಯುತ್ತದೆ. ಹೊನ್ನಾವರ, ಕುಂದಾಪುರಗಳಲ್ಲಿ ಮೊಟ್ಟೆ ಇಟ್ಟ ತಾಯಂದಿರ ಜಾಡನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ದೋಣಿಗಳ ಓಡಾಟದ ನಕ್ಷೆಯ ಮೇಲಿಟ್ಟು ನೋಡಿದರೆ, ಯಾವ ವಾರ, ಎಷ್ಟು ಆಳದ ನೀರಿನಲ್ಲಿ ಬಲೆ ಎಳೆಯದಿದ್ದರೆ ಸಾಕು ಎಂದು ಮೀನುಗಾರರ ಜೊತೆ ಕೂತು ಮಾತಾಡಬಹುದು.