ಒಂದೇ ಮಿಷನ್, ಬೇರೆ ಬೇರೆ ನಾಲಿಗೆ

ಪರಭಾಷೆ ಕೆಲವರಿಗೆ ಬೇಗ ಒಲಿಯುತ್ತದೆ, ಕೆಲವರಿಗೆ ಒಲಿಯುವುದೇ ಇಲ್ಲ. ಇದೆಲ್ಲ ಹುಟ್ಟುಗುಣ ಎಂದುಬಿಡುವುದು ಸುಲಭ, ಆದರೆ ಕ್ರೈಸ್ತ ಧರ್ಮಪ್ರಚಾರಕ್ಕೆ ಭಾರತಕ್ಕೆ ಬಂದ ಬಾಸೆಲ್ ಮಿಷನ್ನಿನ ಇತಿಹಾಸ ಅದನ್ನು ಒಪ್ಪಗೊಡುವುದಿಲ್ಲ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಏಳೇ ವರ್ಷಕ್ಕೆ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಹರ್ಮನ್ ಗುಂಡರ್ಟ್ 1872ರಲ್ಲಿ ಮಲಯಾಳ ನಿಘಂಟು ಕೊಟ್ಟರು. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಸುಮಾರು 70,000 ಪದಗಳ ಕನ್ನಡ ಕೋಶವನ್ನು 1894ರಲ್ಲಿ ಹೊರತಂದರು. ಇವರೆಲ್ಲರಿಗಿಂತ ಮೊದಲು, 1834ರಲ್ಲೇ ಬಂದಿಳಿದ ಸ್ಯಾಮ್ಯುಯೆಲ್ ಹೆಬಿಕ್ ಮಾತ್ರ ಕಾಲು ಶತಮಾನ ಇಲ್ಲಿದ್ದರೂ ದುಭಾಷಿಯ ಆಸರೆಯಲ್ಲೇ ಇಲ್ಲಿನ ಜನರಿಗೆ ಉಪದೇಶ ಮಾಡಿದರು.

ಓದಿನ ವ್ಯತ್ಯಾಸವನ್ನು ಮರೆಯಬಾರದು ಎಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವೂ ಹೌದು. ಮೋಗ್ಲಿಂಗ್, ಗುಂಡರ್ಟ್ ಇಬ್ಬರೂ ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರ ಓದಿದವರು. ಗ್ರೀಕ್, ಹೀಬ್ರೂ ವ್ಯಾಕರಣ ಅರೆದು ಕುಡಿದವರಿಗೆ ವಿಭಕ್ತಿ, ಸಮಾಸಗಳೇನೂ ಹೊಸವಲ್ಲ. ಹೆಬಿಕ್ ವ್ಯಾಪಾರದಿಂದ ಬಂದವರು, ಇಲ್ಲಿ ಕಾಲಿಟ್ಟಾಗ ವಯಸ್ಸು ಮೂವತ್ತು ದಾಟಿತ್ತು. ಆದರೆ ಅದೇ ಹೆಬಿಕ್ ಕಣ್ಣೂರಿನ ದಂಡಿನ ಸೈನಿಕರನ್ನು ಇಂಗ್ಲಿಷಿನಲ್ಲೇ ಹಿಡಿದು ನಿಲ್ಲಿಸುತ್ತಿದ್ದರು. ಜರ್ಮನ್ನರಾದ ಅವರಿಗೆ ಅದೂ ಕಲಿತ ಭಾಷೆಯೇ; ತೊಡಕಿನ ಉಚ್ಚಾರಣೆ ಅವರನ್ನು ತಡೆಯಲಿಲ್ಲ. ಹಾಗಾಗಿ ನಾಲಿಗೆಯೇ ಹೊರಳದು ಎನ್ನುವಂತಿಲ್ಲ. ಮಲಯಾಳವಿಲ್ಲದೆಯೂ ಅವರ ಕೆಲಸ ಸಾಗುತ್ತಿತ್ತು ಎಂಬುದೇ ನನಗೆ ಹೆಚ್ಚು ಬಲವಾದ ಕಾರಣವಾಗಿ ಕಾಣುತ್ತದೆ.

ಹೆಬಿಕ್ ಭಾರತ ಬಿಟ್ಟು ಸರಿಯಾಗಿ ನೂರು ವರ್ಷಕ್ಕೆ, 1959ರಲ್ಲಿ, ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಎಂಬ ಮನೋವಿಜ್ಞಾನಿಗಳು ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ಮಕ್ಕಳನ್ನು ಅಧ್ಯಯನ ಮಾಡಿ, ಭಾಷಾಶಕ್ತಿ ಬೇರೆ, ಕಲಿಯುವ ಒತ್ತಾಸೆ ಬೇರೆ, ಎರಡೂ ಫಲಿತಾಂಶಕ್ಕೆ ಕಾರಣ ಎಂದು ತೋರಿಸಿದರು. ಸತ್ತವರ ಒತ್ತಾಸೆಯನ್ನು ಅಳೆಯುವುದು ಹೇಗೆ ಎಂದು ಕೇಳಬಹುದು. ಅವರು ಬಿಟ್ಟುಹೋದ ಕೆಲಸವೇ ಅದಕ್ಕೆ ಸಾಕ್ಷಿ. ಕಿಟೆಲ್ 1862ರಲ್ಲೇ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ನಮ್ಮ ಛಂದಸ್ಸಿನಲ್ಲಿ ಬರೆದರು; ಬರೀ ಉಪದೇಶಕ್ಕೆ ಅಷ್ಟು ಪಾಡು ಬೇಕಿರಲಿಲ್ಲ. ಮುಂದೆ ‘ಶಬ್ದಮಣಿದರ್ಪಣ’, ‘ಛಂದೋಂಬುಧಿ’ಗಳನ್ನು ಸಂಪಾದಿಸಿದರು. ಅವರ ಕೋಶದಲ್ಲಿ ಹಳಗನ್ನಡ ಕಾವ್ಯದ ಪ್ರಯೋಗದ ಜೊತೆಗೇ ಆಡುಮಾತಿನ ಗಾದೆಗಳೂ ಉದಾಹರಣೆಯಾಗಿ ನಿಂತಿವೆ.