ಗಿಟಾರ್ ಸಿಂಥ್ ಮಧುಗಿರಿಗೆ ಯಾಕೆ ಬರಲಿಲ್ಲ?

ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ, ಇವತ್ತಿನ ಕಂತು ಪೂರ್ತಿ ಶಬ್ದದ ಕಥೆ.

ಕೊರಟಗೆರೆ ಕಡೆಯ ಒಂದು ಊರಲ್ಲಿ 'ಕುರುಕ್ಷೇತ್ರ' ನಾಟಕ. ನಮ್ಮ ಚಿಕ್ಕಪ್ಪ ಕರ್ಣ. ಪಾತ್ರಕ್ಕೆ ದುಡ್ಡು ಕೊಟ್ಟು, ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರ ಹತ್ರ ಕಂದ ಹಾಡೋದು ಕಲಿತು ಸ್ಟೇಜ್ ಹತ್ತಿದ್ರು. (ಬಿಕಾಂ ಓದಿದೋನು ನಾನು. ನಟನೇ ದುಡ್ಡು ಕೊಟ್ಟು ನಟಿಸೋ ಈ ವ್ಯವಹಾರವನ್ನ ಯಾವ ಬ್ಯಾಲೆನ್ಸ್ ಶೀಟಲ್ಲಿ ಬರೀಬೇಕೋ ಇನ್ನೂ ಗೊತ್ತಾಗಿಲ್ಲ.) ರಾತ್ರಿ ಎರಡು ಗಂಟೆ ಇರಬಹುದು, ಕುಂತಿ ಬರೋ ದೃಶ್ಯ. ಇದ್ದಕ್ಕಿದ್ದಂಗೆ ವೀಣೆ ಕೇಳಿಸ್ತು. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ತಾತ ಕತ್ತು ಉದ್ದ ಮಾಡಿ ನೋಡಿ, "ವೀಣೆ ಎಲ್ಲೈತಪ್ಪ?" ಅಂದ್ರು. ಎಲ್ಲೂ ಇರಲಿಲ್ಲ. ಮೇಷ್ಟ್ರ ಪಕ್ಕ ಒಬ್ಬ ಹುಡುಗ ಕೀಬೋರ್ಡ್ ಇಟ್ಕೊಂಡು ಕೂತಿದ್ದ.

ನನ್ನ ತಲೇಲಿ ಉಳಿದಿದ್ದು ಬೇರೆ ಪ್ರಶ್ನೆ. ವೀಣೆ ತಂತಿ ವಾದ್ಯ. ಗಿಟಾರೂ ತಂತಿ ವಾದ್ಯ. ಗಿಟಾರ್ ಮೀಟಿದ್ರೆ ಬೇರೆ ವಾದ್ಯದ ಶಬ್ದ ಬರೋ ಮೆಷಿನ್ 1977ರಿಂದಲೇ ಇದೆ. ಹಾಗಿದ್ರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸ್ಟೇಜ್ ಮೇಲೆ ವೀಣೆಯ ಕೆಲಸ ಕೀಬೋರ್ಡ್ ಪಾಲಾಗಿದ್ದು ಹೇಗೆ?

ಮೊದಲು ಆ ಮೆಷಿನ್ ವಿಷಯ. 1977ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಜಿಆರ್-500 ಅನ್ನೋ ಗಿಟಾರ್ ಸಿಂಥಸೈಜರ್ ತಂತು. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಲ್ಲಿ ಆರೂ ತಂತಿಯ ಶಬ್ದ ಒಟ್ಟಿಗೆ ಸೇರಿ ಒಂದೇ ವೈರಲ್ಲಿ ಹೋಗುತ್ತೆ. ಇಲ್ಲಿ ಹಾಗಲ್ಲ, ಒಂದೊಂದು ತಂತಿಗೂ ಒಂದೊಂದು ಪಿಕಪ್. ಯಾವ ತಂತಿ ಯಾವ ಸ್ವರದಲ್ಲಿ ನಡುಗ್ತಿದೆ ಅಂತ ಯಂತ್ರ ಬೇರೆ ಬೇರೆಯಾಗಿ ನೋಡಿ, ಆ ಸ್ವರಕ್ಕೆ ತಾನೇ ಹೊಸ ಶಬ್ದ ಹುಟ್ಟಿಸುತ್ತೆ. ಅದೇ ವರ್ಷ ಅಮೆರಿಕದ ಎಆರ್‌ಪಿ ಕಂಪನಿಯೂ 'ಅವತಾರ್' ಹೆಸರಿನ ಗಿಟಾರ್ ಸಿಂಥ್ ಬಿಟ್ಟಿತು. ಹೆಸರು ನಮ್ಮದೇ ನೋಡಿ, ಆದ್ರೆ ಅವತಾರ ಎತ್ತಿದ್ದು ಸರಿಯಾಗಲಿಲ್ಲ. ಸಂಶೋಧನೆಗೆ ಸುರಿದ ದುಡ್ಡು ವಾಪಸ್ ಬರಲಿಲ್ಲ, 1981ರಲ್ಲಿ ಕಂಪನಿಯೇ ಮುಚ್ಚಿತು.

ರೋಲ್ಯಾಂಡ್ ಮಾತ್ರ ಬಿಡಲಿಲ್ಲ. 1980ರಲ್ಲಿ ಬಂದ ಜಿಆರ್-300 ತಂತಿಯ ಕಂಪನವನ್ನ ನೆರಳಿನ ಹಾಗೆ ಹಿಂಬಾಲಿಸುತ್ತಿತ್ತು. ತಂತಿ ಎಳೆದ್ರೆ ಶಬ್ದವೂ ಎಳೀತಿತ್ತು. ಪ್ಯಾಟ್ ಮೆಥೆನಿ ಅವರ 1982ರ 'ಆಫ್‌ರ‍್ಯಾಂಪ್' ಆಲ್ಬಂ ಹುಡುಕಿ ಕೇಳಿ. ತುತ್ತೂರಿ ಥರ ಕೂಗೋ ಶಬ್ದ ಬರುತ್ತಲ್ಲ, ಅದು ಗಿಟಾರ್.

ಆಮೇಲೆ 1983ರಲ್ಲಿ ಬಂತು ಮಿಡಿ. ಒಂದು ಕಂಪನಿಯ ವಾದ್ಯ ಇನ್ನೊಂದು ಕಂಪನಿಯ ವಾದ್ಯದ ಜೊತೆ ಮಾತಾಡೋಕೆ ಮಾಡಿಕೊಂಡ ಭಾಷೆ ಅದು. ಆದ್ರೆ ಅದು ಹುಟ್ಟಿದ್ದೇ ಕೀಬೋರ್ಡ್ ಮನೇಲಿ. ಮಿಡಿಗೆ ಸ್ವರ ಅಂದ್ರೆ ಒಂದು ನಂಬರ್, 0ಯಿಂದ 127ರ ಒಳಗೆ. ಮಧ್ಯದ 'ಸಿ' ಅಂದ್ರೆ 60. ಅದರ ಪಕ್ಕದ ಕಪ್ಪು ಮನೆ 61. ಅರವತ್ತಕ್ಕೂ ಅರವತ್ತೊಂದಕ್ಕೂ ಮಧ್ಯ ಏನಾದ್ರೂ ಬೇಕು ಅಂದ್ರೆ, ಸ್ವರವನ್ನ ಬಗ್ಗಿಸು ಅಂತ ಪ್ರತ್ಯೇಕ ಸಂದೇಶ ಕಳಿಸಬೇಕು.

ನಮ್ಮ ಸಂಗೀತ ಇರೋದೇ ಆ ಮಧ್ಯದಲ್ಲಿ. ವೀಣೆ ನುಡಿಸೋರು ಒಂದೇ ಮೆಟ್ಟಿಲ ಮೇಲೆ ತಂತಿಯನ್ನ ಪಕ್ಕಕ್ಕೆ ಎಳೆದು ಎರಡು ಮೂರು ಸ್ವರ ಮುಟ್ಟಿ ಬರ್ತಾರೆ. ಅದೇ ಗಮಕ. ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲೋ ಸ್ವರವೇ ಅಲ್ಲ, ತೊಟ್ಟಿಲ ಥರ ತೂಗ್ತಾ ಇರುತ್ತೆ. ಇಂಥ ಸ್ವರಕ್ಕೆ ನೀವು ಯಾವ ನಂಬರ್ ಕೊಡ್ತೀರಿ?

ಜೊತೆಗೆ ತಡ ಆಗೋ ತೊಂದರೆ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ನಡುಗುತ್ತೆ. ಅಂದ್ರೆ ಒಂದು ಸುತ್ತಿಗೆ 12 ಮಿಲಿಸೆಕೆಂಡ್. ಇದು ಯಾವ ಸ್ವರ ಅಂತ ಗುರುತಿಸೋಕೆ ಯಂತ್ರ ಒಂದೆರಡು ಸುತ್ತಾದ್ರೂ ಕಾಯಲೇಬೇಕು. ಅಷ್ಟರಲ್ಲಿ ಬೆರಳು ಮುಂದಿನ ಸ್ವರಕ್ಕೆ ಹೊರಟಿರುತ್ತೆ. ಕೀಬೋರ್ಡಲ್ಲಿ ಈ ರಗಳೆ ಇಲ್ಲ, ಮನೆ ಒತ್ತಿದ ಕ್ಷಣಕ್ಕೇ ನಂಬರ್ ಹೋಯ್ತು.

ಹಾಗಾದ್ರೆ ಊಹೆ ಬಿಟ್ಟು ತಂತಿಯ ಕಂಪನವನ್ನೇ ತಗೊಂಡು ಅದರ ಬಣ್ಣ ಬದಲಾಯಿಸಿದ್ರೆ? ಅದೇ ಡಿಜಿಟಲ್ ಮಾಡೆಲಿಂಗ್. 1995ರ ರೋಲ್ಯಾಂಡ್ ವಿಜಿ-8, ಅದಾದ ಮೇಲೆ 2002-03ರ ಹೊತ್ತಿಗೆ ಬಂದ ಲೈನ್ 6 ಕಂಪನಿಯ ವೇರಿಯಾಕ್ಸ್. ವೇರಿಯಾಕ್ಸಲ್ಲಿ ಮಾಮೂಲಿ ಅಯಸ್ಕಾಂತದ ಪಿಕಪ್ಪೇ ಇರಲಿಲ್ಲ. ತಂತಿ ಕೂರೋ ಕುದುರೆಯಲ್ಲೇ ಒಂದೊಂದು ತಂತಿಗೂ ಒಂದೊಂದು ಸೆನ್ಸರ್. ಗುಂಡಿ ತಿರುಗಿಸಿದ್ರೆ ಒಂದೇ ಗಿಟಾರ್ ಹಳೇ ಫೆಂಡರ್, ಗಿಬ್ಸನ್, ಬ್ಯಾಂಜೋ ಎಲ್ಲಾ ಆಗುತ್ತೆ. ಸಿತಾರೂ ಆಗುತ್ತೆ.

ಈ ಸಿತಾರ್ ಹತ್ರ ಒಂದು ನಿಮಿಷ ನಿಲ್ಲಬೇಕು. ಅದು ರವಿಶಂಕರ್ ಕೈಲಿದ್ದ ಸಿತಾರ್ ಅಲ್ಲ. ಅರವತ್ತರ ದಶಕದ ಕೊನೇಲಿ ಅಮೆರಿಕದಲ್ಲಿ 'ಕೋರಲ್' ಅನ್ನೋ ಎಲೆಕ್ಟ್ರಿಕ್ ಸಿತಾರ್ ಮಾಡಿದ್ರು. ಅದು ಸಿತಾರ್ ಥರ ಝೇಂಕರಿಸೋ ಒಂದು ಗಿಟಾರ್. ವೇರಿಯಾಕ್ಸಲ್ಲಿ ಇರೋದು ಅದರ ನಕಲು. ನಕಲಿನ ನಕಲು! ಯಾವ ಶಬ್ದ ಪೆಟ್ಟಿಗೆ ಒಳಗೆ ಹೋಗಬೇಕು ಅಂತ ತೀರ್ಮಾನ ಮಾಡೋರು ಎಲ್ಲೋ ಇರ್ತಾರೆ. ಶಿರಾ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುವಾಗ ನುಡಿಸೋ ಗಣೆ ಇದೆಯಲ್ಲ, ಆ ಉದ್ದನೆ ಬಿದಿರ ಕೊಳಲು, ಅದನ್ನ ನಾನು ಇಲ್ಲೀವರೆಗೂ ಯಾವ ಆರ್ಕೆಸ್ಟ್ರಾ ಕೀಬೋರ್ಡಿನ ಟೋನ್ ಪಟ್ಟಿಯಲ್ಲೂ ನೋಡಿಲ್ಲ.

ನಮ್ಮ ಸಂಗೀತ ಗೊತ್ತಿದ್ದೋರೇ ಮೆಷಿನ್ ಮಾಡಿದ್ರೆ ಏನಾಗುತ್ತೆ ಅನ್ನೋಕೆ ಬೆಂಗಳೂರಲ್ಲೇ ಉದಾಹರಣೆ ಇದೆ. ರಾಡೆಲ್ ಕಂಪನಿಯ ಜಿ. ರಾಜ್‌ನಾರಾಯಣ್. ಎಂಜಿನಿಯರೂ ಹೌದು, ಕೊಳಲು ನುಡಿಸೋರೂ ಹೌದು. ಸಂಗೀತದ ಕ್ಲಾಸಿಗೆ ಹೋಗಿದ್ರೆ ಅವರ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ನೋಡೇ ಇರ್ತೀರಿ. ಅವರು ಡಿಜಿಟಲ್ ವೀಣೆಯನ್ನೂ ಮಾಡಿದ್ರು. ಗಮನಿಸಿ, ಕೀಬೋರ್ಡಿಗೆ ವೀಣೆ ಶಬ್ದ ತುಂಬಲಿಲ್ಲ. ತಂತಿ ಇಟ್ಟರು, ಮೆಟ್ಟಿಲು ಇಟ್ಟರು, ಎಳೆಯೋಕೆ ಜಾಗ ಇಟ್ಟರು. ತೆಗೆದಿದ್ದು ಕಾಟ ಕೊಡೋ ಭಾಗಗಳನ್ನ. ಮಾಮೂಲಿ ವೀಣೆಯಲ್ಲಿ 24 ಮೆಟ್ಟಿಲು ಮೇಣದ ಮೇಲೆ ಕೂತಿರುತ್ತೆ. ಆ ಮೇಣ ಸಡಿಲ ಆದ್ರೆ ಕೂರಿಸಿಕೊಡೋ ಕುಶಲಕರ್ಮಿಯನ್ನ ಹುಡುಕ್ಕೊಂಡು ಅಲೀಬೇಕು. ಇದ್ರಲ್ಲಿ ಮೆಟ್ಟಿಲನ್ನ ನಾವೇ ಹೊಂದಿಸಿಕೊಳ್ಳಬಹುದು. ಗಮಕ ಮಾತ್ರ ಬೆರಳಲ್ಲೇ ಉಳೀತು. ನನ್ನ ಪ್ರಕಾರ ಜಿಆರ್-500ರಿಂದ ಶುರುವಾದ ಪ್ರಶ್ನೆಗೆ ಸಿಕ್ಕ ಒಳ್ಳೇ ಉತ್ತರಗಳಲ್ಲಿ ಇದೂ ಒಂದು.

ಅದು ಕಛೇರಿ ಸಂಗೀತದ ಕಥೆ. ನಮ್ಮ ತುಮಕೂರು ಜಿಲ್ಲೆಯ ನಾಟಕದ ಸ್ಟೇಜಿಗೆ ಬೇರೆಯದೇ ಇತಿಹಾಸ ಇದೆ, ಆ ಇತಿಹಾಸದ ಹೆಸರು ಹಾರ್ಮೋನಿಯಂ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ನಮ್ಮ ಜಿಲ್ಲೆಯದೇ. ಕಂಪನಿ ನಾಟಕದ ರಂಗಗೀತೆಗಳು ಬೆಳೆದಿದ್ದು ಹಾರ್ಮೋನಿಯಂ ಜೊತೆ. ಗಮಕ ಬರಲ್ಲ ಅನ್ನೋದೂ ಸೇರಿದ ಹಾಗೆ ಹಲವು ದೂರು ಹೇಳಿ 1940ರಲ್ಲಿ ಆಕಾಶವಾಣಿ ಈ ಪೆಟ್ಟಿಗೆಯನ್ನ ಹೊರಗೆ ಹಾಕಿತು. 1971ರವರೆಗೂ ಬಾಗಿಲು ತೆಗೀಲಿಲ್ಲ. ರೇಡಿಯೋದಲ್ಲಿ ಬಹಿಷ್ಕಾರ ಇದ್ದ ವಾದ್ಯ ನುಡಿಸೋರನ್ನ ನಮ್ಮ ಹಳ್ಳಿಗಳು ಮಾತ್ರ 'ಮೇಷ್ಟ್ರು' ಅಂತ ಕರೆದವು. ಪಾತ್ರಧಾರಿಗೆ ಸ್ವರ ಹೇಳಿಕೊಡೋರೂ ಅವರೇ, ತಪ್ಪಿದಾಗ ಎತ್ತಿ ಹಿಡಿಯೋರೂ ಅವರೇ.

ಹೀಗೆ ಎಷ್ಟೋ ದಶಕ ಊರೂರಲ್ಲಿ ಬೆರಳು ಕಪ್ಪು-ಬಿಳಿ ಮನೆಗೇ ಪಳಗಿದ್ದವು. ಕೀಬೋರ್ಡ್ ಬಂದಾಗ ಯಾರೂ ಹೊಸದಾಗಿ ಕಲೀಬೇಕಾಗಲಿಲ್ಲ, ತಿದಿ ಒತ್ತೋ ಎಡಗೈ ಖಾಲಿಯಾಯ್ತು ಅಷ್ಟೆ. ಗಿಟಾರಿಗೆ ಅಂಥ ಮೇಷ್ಟ್ರ ಪರಂಪರೆ ನಮ್ಮ ಕಡೆ ಇರಲಿಲ್ಲ. ಗಿಟಾರ್ ಸಿಂಥ್ ತರಬೇಕು ಅಂದ್ರೆ ಗಿಟಾರ್ ಬೇಕು, ವಿಶೇಷ ಪಿಕಪ್ ಬೇಕು, 13 ಪಿನ್ನಿನ ಕೇಬಲ್ ಬೇಕು, ಪೆಟ್ಟಿಗೆ ಬೇಕು. ಜಾತ್ರೆ ಸ್ಟೇಜಲ್ಲಿ ಆ ಕೇಬಲ್ ಕೈಕೊಟ್ಟರೆ ಮಧುಗಿರಿಯಲ್ಲಿ ಯಾವ ಅಂಗಡಿಗೆ ಓಡೋದು? ಲೆಕ್ಕ ಕೀಬೋರ್ಡ್ ಕಡೆಗೇ ಬೀಳುತ್ತೆ.

ಆ ಲೆಕ್ಕದಲ್ಲಿ ಕಳಕೊಂಡವನೊಬ್ಬ ನನ್ನ ಡಿಗ್ರಿ ಕ್ಲಾಸ್‌ಮೇಟ್. ಪಾವಗಡದವನು. ಮೂರು ವರ್ಷ ಗಣಪತಿ ಸೀಸನ್ನಲ್ಲಿ ಆರ್ಕೆಸ್ಟ್ರಾಗೆ ಗಿಟಾರ್ ನುಡಿಸಿದ. ನಾಲ್ಕನೇ ವರ್ಷ ತಂಡದ ಯಜಮಾನರು, "ಕೀಬೋರ್ಡಲ್ಲೇ ಗಿಟಾರ್ ಟೋನ್ ಐತಲ್ಲಪ್ಪ, ಇನ್ನೊಂದು ಪೇಮೆಂಟ್ ಯಾಕೆ?" ಅಂದ್ರಂತೆ. ಕಮರ್ಷಿಯಲ್ಲಾಗಿ ನೋಡಿದ್ರೆ ಅವರು ಹೇಳಿದ್ದು ತಪ್ಪಲ್ಲ, ಅದೇ ಬೇಜಾರು. ಗಿಟಾರ್ ಬೇರೆ ವಾದ್ಯ ಆಗೋಕೆ ಹೊರಟ ಕಥೆಯಲ್ಲಿ ಬೇರೆ ವಾದ್ಯವೇ ಗಿಟಾರ್ ಆಗಿ ಇವನ ಜಾಗದಲ್ಲಿ ಕೂತಿತ್ತು.

ಇವನು ಗಿಟಾರ್ ಮಾರಿ ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ತಗೊಂಡ. ಈಗ ವಾರವೆಲ್ಲಾ ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ, ಸೀಸನ್ ಬಂದ್ರೆ ಸ್ಟೇಜ್. ಈ ಕಂತಿಗೋಸ್ಕರ ಫೋನ್ ಮಾಡಿ, ಗಮಕ ಹೇಗೆ ತೆಗೀತೀಯ ಅಂತ ಕೇಳಿದೆ. ಎಡಗೈ ಹತ್ರ ಒಂದು ಚಕ್ರ ಇರುತ್ತೆ, ಬಲಗೈಲಿ ಮನೆ ಒತ್ತಿ ಎಡಗೈಲಿ ಚಕ್ರ ತಿರುಗಿಸಿದ್ರೆ ಸ್ವರ ಬಾಗುತ್ತೆ ಅಂದ. ಚೆನ್ನಾಗೇ ಬರುತ್ತಂತೆ, ಜನ ಶಿಳ್ಳೆ ಹೊಡೀತಾರಂತೆ.

"ಆದ್ರೆ ಮಗಾ, ತಂತಿ ಆದ್ರೆ ಎಳೆದಿದ್ದು ಬೆರಳಿಗೆ ಗೊತ್ತಾಗೋದು, ಉರಿಯೋದು. ಈ ಚಕ್ರಕ್ಕೆ ಒಳಗೆ ಸ್ಪ್ರಿಂಗ್ ಐತೆ. ಕೈ ಬಿಟ್ಟ ತಕ್ಷಣ ತಾನೇ ವಾಪಸ್ ಹೋಗ್ಬಿಡುತ್ತೆ" ಅಂದ.